ಮೂರನೇ ಮಹಡಿಯಿಂದ ಇಳಿಸುವ ಕೈಗಳು

ಬೆಂಗಳೂರಿನ ವಿಜಯನಗರ, ಕಾಮಾಕ್ಷಿಪಾಳ್ಯ, ಬಸವೇಶ್ವರನಗರದ ಒಳಗಿನ ಕ್ರಾಸ್‌ಗಳಲ್ಲಿ ಇಪ್ಪತ್ತು–ಮೂವತ್ತು ಅಡಿಯ ಸೈಟಿನ ಮೇಲೂ ಮೂರು ಮಹಡಿ ಎದ್ದಿರುತ್ತವೆ. ಲಿಫ್ಟ್ ಇಲ್ಲ. ಒಬ್ಬರು ಹತ್ತುವಾಗ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಕಿರಿದಾದ ಮೆಟ್ಟಿಲು. ಮೇಲಿನ ಮನೆಯಲ್ಲಿ ಎದೆನೋವೆಂದು ಕುಸಿದ ಎಂಬತ್ತು ಕಿಲೋದ ಹಿರಿಯರನ್ನು ಅಲ್ಲಿಂದ ಇಳಿಸಬೇಕು. ತಿರುವಿನಲ್ಲಿ ಸ್ಟ್ರೆಚರ್ ಹೊರಳದಿದ್ದರೆ ಮನೆಯ ಕುರ್ಚಿಯೇ ಆಸರೆ. ರೋಗಿಯನ್ನು ಅದರಲ್ಲಿ ಕೂರಿಸಿ, ಬೀಳದಂತೆ ಕಟ್ಟಿ, ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ಹಿಡಿಯುತ್ತಾರೆ. ಕೆಳಗಿನವರ ಮೇಲೆ ಹೆಚ್ಚು ಭಾರ. ಅವರು ಪಾದದ ತುದಿಯಲ್ಲಿ ಮುಂದಿನ ಮೆಟ್ಟಿಲನ್ನು ತಡವುತ್ತಾ ಹಿಂದೆ ಹಿಂದೆ ಇಳಿಯುತ್ತಾರೆ.

108 ಆಂಬುಲೆನ್ಸ್ ಗಾಡಿಯಲ್ಲಿ ಬರುವುದು ಇಬ್ಬರೇ. ಚಿಕಿತ್ಸೆ ನೋಡಿಕೊಳ್ಳುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಗಾಡಿ ಓಡಿಸುವವರನ್ನು ಈ ವೃತ್ತಿಯಲ್ಲಿ ಪೈಲಟ್ ಎನ್ನುತ್ತಾರೆ. ಭಾರ ಎತ್ತುವಾಗ ಇಬ್ಬರೂ ಒಂದೇ.

ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಆರಂಭವಾದ 108 ಸೇವೆ, 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಹಣ ಸರ್ಕಾರದ್ದು, ನಿರ್ವಹಣೆ ಖಾಸಗಿ ಸಂಸ್ಥೆಯದು ಎಂಬ ಒಪ್ಪಂದದ ಮೇಲೆ ಶುರುವಾದ ಈ ಸೇವೆಯ ಗಾಡಿಗಳ ಸಂಖ್ಯೆ ಮುಂದೆ 700 ದಾಟಿತು. ರೋಗಿಯಿಂದ ಹಣ ಪಡೆಯುವಂತಿಲ್ಲ. ಗಾಡಿ ನುಗ್ಗದ ಸಂದಿಗಳಿಗೆಂದು 2015ರ ಏಪ್ರಿಲ್‌ನಲ್ಲಿ 30 ಬೈಕ್ ಆಂಬುಲೆನ್ಸ್‌ಗಳೂ ಬಂದವು. ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿಗೆ ಸಿಕ್ಕವು.

ಈ ಕೆಲಸಕ್ಕೆ ದೇಹವೇ ಬಂಡವಾಳ. ನಿಂತ ಹೃದಯವನ್ನು ಮತ್ತೆ ಓಡಿಸಲು ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು. ದಣಿದ ಕೈ ಆಳ ತಪ್ಪುತ್ತದೆ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕೆಂಬುದು ನಿಯಮ. ರಾಜಾಜಿನಗರದಿಂದ ವಿಕ್ಟೋರಿಯಾ ಆಸ್ಪತ್ರೆಯತ್ತ ಓಡುವ ಗಾಡಿಯ ಹಿಂಭಾಗದಲ್ಲಿ ಬದಲಾಗಲು ಯಾರಿದ್ದಾರೆ? ಪೈಲಟ್ ಕೈ ಸ್ಟಿಯರಿಂಗ್ ಮೇಲಿರುತ್ತದೆ. ಮಾಗಡಿ ರಸ್ತೆಯ ಪ್ರತಿ ಹಂಪ್‌ಗೂ ಮೊಣಕಾಲೂರಿ ಸಮತೋಲ ಕಾಯ್ದುಕೊಂಡು ಇಎಂಟಿ ಒಬ್ಬರೇ ಒತ್ತುತ್ತಾ ಹೋಗಬೇಕು.

ರೋಗಿಗಳನ್ನು ಎತ್ತಿಳಿಸುವ ಆರೋಗ್ಯ ಸಿಬ್ಬಂದಿಯ ಕೈಗೆ ಒಮ್ಮೆಗೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ನಯಾಶ್’ ನೀಡುವ ಸಲಹೆ. ಮೂರನೇ ಮಹಡಿಯ ಆ ಹಿರಿಯರನ್ನು ಇಬ್ಬರೇ ಸಮನಾಗಿ ಹಂಚಿಕೊಂಡರೂ ತಲಾ 40 ಕಿಲೋ.

ಅದಕ್ಕೇ ಈ ವೃತ್ತಿಯವರಿಗೆ ಫಿಟ್‌ನೆಸ್ ಎಂದರೆ ಬೈಸೆಪ್ಸ್ ಅಲ್ಲ. ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತುವ ರೂಢಿ, ಗಟ್ಟಿ ತೊಡೆ, ಜಾರದ ಹಿಡಿತ, ಉಸಿರಿನ ಕಸುವು. ಆದರೆ ಅದನ್ನು ಉಳಿಸಿಕೊಳ್ಳಲು ಬೇಕಾದದ್ದೇ ಕೈಗೆ ಸಿಗುವುದಿಲ್ಲ. ಹನ್ನೆರಡು ಗಂಟೆಯ ಪಾಳಿ, ಗಾಡಿಯ ಸೀಟಿನಲ್ಲೇ ಕಾಯುವಿಕೆ, ಮೈ ಬಿಸಿಯಾಗುವ ಮೊದಲೇ ಭಾರ. ಡಬ್ಬಿ ಬಿಚ್ಚುವ ಹೊತ್ತಿಗೆ ಕರೆ ಬಂದರೆ ಅನ್ನ ಸಂಜೆಯವರೆಗೂ ಡಬ್ಬಿಯಲ್ಲೇ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರಿಗೆ ನಿದ್ದೆಯೇ ಸಾಲದು, ವ್ಯಾಯಾಮ ಎಲ್ಲಿಂದ ಬರಬೇಕು?

ಇನ್ನು ಸಂಬಳ. ಬಾಕಿ ವೇತನಕ್ಕಾಗಿ ರಾಜ್ಯದ 108 ಸಿಬ್ಬಂದಿ 2022ರಲ್ಲೂ 2024ರಲ್ಲೂ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ತಿಂಗಳ ಬಾಡಿಗೆ, ಮಕ್ಕಳ ಫೀಸು, ರೇಷನ್ ಸಂಬಳದ ದಿನಕ್ಕಾಗಿ ಕಾಯುವುದಿಲ್ಲ. ಬೆನ್ನು ಹಿಡಿದುಕೊಂಡರೆ ಫಿಸಿಯೋಥೆರಪಿಗೆ ಹೋಗುವ ಬದಲು ಮುಲಾಮು ಹಚ್ಚಿ ಮತ್ತೆ ಡ್ಯೂಟಿಗೆ ಹೊರಡುವವರ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಕಾನೂನು ಒಂದೆರಡು ಹೆಜ್ಜೆ ಮುಂದೆ ಬಂದಿದೆ. 2019ರ ಮೋಟಾರು ವಾಹನ ತಿದ್ದುಪಡಿಯಂತೆ ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ ₹10,000 ದಂಡ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆಯು ತುರ್ತು ವೈದ್ಯಕೀಯ ತಂತ್ರಜ್ಞರನ್ನು ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಮುಂದೆ ಆಗಬೇಕಾದದ್ದೂ ಸ್ಪಷ್ಟವಾಗಿದೆ: ತಪ್ಪದೆ ಬರುವ ಸಂಬಳ, ಎಂಟು ಗಂಟೆಯ ಪಾಳಿ, ಮೆಟ್ಟಿಲಿಳಿಸುವ ಮಡಚು ಕುರ್ಚಿ, ವರ್ಷಕ್ಕೊಮ್ಮೆ ಬೆನ್ನು–ಮೊಣಕಾಲಿನ ತಪಾಸಣೆ.

ಪಾಳಿ ಮುಗಿಯುವ ಹೊತ್ತಿಗೆ ಇಬ್ಬರೂ ಗಾಡಿ ಒರೆಸುತ್ತಾರೆ. ರಕ್ತ ಹತ್ತಿದ ಸ್ಟ್ರೆಚರ್ ತೊಳೆದು, ಆಕ್ಸಿಜನ್ ಮೀಟರಿನ ಮುಳ್ಳು ನೋಡಿ, ಉಳಿದ ಔಷಧಿ ಎಣಿಸಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಮುಂದಿನ ಜೋಡಿ ಕೀ ತೆಗೆದುಕೊಳ್ಳುವಷ್ಟರಲ್ಲೇ ಕೆಂಗೇರಿ ಕಡೆಯಿಂದ, ಮೈಸೂರು ರಸ್ತೆಯ ಅಪಘಾತಕ್ಕೆಂದು ಕರೆ ಬಂದಿರುತ್ತದೆ.