‘ಬರ್ಮಾ ಸಾಗುವಾನಿ’ ಎಂಬ ಶಬ್ದದ ಅರ್ಥವಿಚಾರ

ರಾಯಚೂರು ನಗರದ ಕಟ್ಟಿಗೆಯ ಅಂಗಡಿಗಳಲ್ಲಿ ಬಾಗಿಲಿನ ಚೌಕಟ್ಟನ್ನು ಕೊಳ್ಳಹೋದವರಿಗೆ ‘ಬರ್ಮಾ ಸಾಗುವಾನಿ’ ಎಂಬ ಹೆಸರು ಇಂದಿಗೂ ಕೇಳಬರುತ್ತದೆ. ಇದು ಯೌಗಿಕವೋ ರೂಢವೋ ಎಂದು ವಿಚಾರಿಸುವುದು ಬರಿಯ ಶಬ್ದವಿನೋದವೆಂದು ವಾಚಕರಿಗೆ ತೋರಬಹುದು. ಆದರೆ ದೂರದೇಶದ ಕಾಡುಗಳ ಅಳಿವು ಉಳಿವು ಈ ವಿಚಾರಕ್ಕೆ ತಗುಲಿಕೊಂಡಿದೆ.

ಸಂಸ್ಕೃತದ ಶಾಕವೇ ನಮ್ಮ ತೇಗ. ಸಾಗುವಾನಿಯು ಆ ಶಾಕಶಬ್ದದ ಸಂತತಿ. ಕೌಟಿಲ್ಯನು ಕುಪ್ಯಾಧ್ಯಕ್ಷಪ್ರಕರಣದಲ್ಲಿ ಸಾರದಾರುಗಳನ್ನೆಣಿಸುವಾಗ ಇದನ್ನೇ ಮೊದಲು ಹೇಳಿದ್ದಾನೆ. ಆಪತ್ಕಾಲದ ಹೊರತು ದ್ರವ್ಯವನವನ್ನು ಕಡಿದವರಿಗೆ ದಂಡವನ್ನೂ ವಿಧಿಸಿದ್ದಾನೆ.

ರಾಯಚೂರು ಸೀಮೆಯು ಅರಣ್ಯವಿರಳವಾದುದು. ದೇವದುರ್ಗ, ಮಾನ್ವಿಗಳ ರೈತರು ಬಂಡಿಗೂ ಕೂರಿಗೆಗೂ ಹೊಲದ ಬದುವಿನ ಜಾಲಿಯನ್ನು ಕಡಿದುಕೊಳ್ಳುತ್ತಿದ್ದರು. ಆ ಮರದ ಹುಟ್ಟನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತೇಗವಾದರೋ ಹೊರಗಿನಿಂದಲೇ ಬರತಕ್ಕದ್ದು. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಕೊಯ್ದ ಮರಕ್ಕೆ ಆ ನಿಷೇಧವಿರಲಿಲ್ಲ. ಘಾನಾ, ಎಕ್ವಡಾರ್ ಮೊದಲಾದ ದೇಶಗಳ ನೆಡುತೋಪಿನ ತೇಗವೂ ಭಾರತಕ್ಕೆ ಬರುತ್ತಿದೆ. ಹೀಗಿರಲಾಗಿ ‘ಬರ್ಮಾ’ ಎಂಬಲ್ಲಿ ಯೋಗಾರ್ಥವು ಸಡಿಲವಾಗಿ, ‘ಮೇಲ್ತರದ ತೇಗ’ ಎಂಬ ರೂಢ್ಯರ್ಥವೇ ಬಲಿತಿದೆಯೆಂದು ನನ್ನ ಮತ.

ಹೆಸರು ಪ್ರಮಾಣವಲ್ಲವಾದರೆ ಪ್ರಮಾಣವಾವುದು? ನಮ್ಮ ಅರಣ್ಯ ಇಲಾಖೆಯ ಪದ್ಧತಿಯಲ್ಲಿ ದಿಮ್ಮಿಗೆ ಸುತ್ತಿಗೆಯ ಮುದ್ರೆ, ಸಾಗಣೆಗೆ ರಹದಾರಿ. (ರಹದಾರಿಯು ಪಾರಸೀ ಶಬ್ದ, ದಾರಿಗಾವಲೆಂಬುದು ಮೂಲಾರ್ಥ.) ಆದರೆ ಗರಗಸದ ಬಾಯಿಗೆ ಬಿದ್ದೊಡನೆ ಮುದ್ರೆಯು ಹೋಗುತ್ತದೆ. ದಿಮ್ಮಿಯು ಹಲಗೆಯಾಗಿ ಮಾನ್ವಿಯ ಬಡಗಿಯ ಕೈಸೇರುವಷ್ಟರಲ್ಲಿ ಅಂಗಡಿಯವನ ಮಾತೊಂದೇ ಉಳಿಯುತ್ತದೆ. ಅವನು ಸುಳ್ಳಾಡುವನೆಂದಲ್ಲ, ಅವನಿಗೂ ತನಗೆ ಮಾರಿದವನ ಮಾತೇ ಆಧಾರ. ತಾರ್ಕಿಕರು ಅಂಧಪರಂಪರೆಯೆನ್ನುವುದು ಇದನ್ನೇ.

ಈ ಪರಂಪರೆಗೆ ಕಣ್ಣು ಕೊಡುವ ಯತ್ನಗಳು ನಡೆದಿವೆ. 1993ರಲ್ಲಿ ಸ್ಥಾಪಿತವಾದ ಫಾರೆಸ್ಟ್ ಸ್ಟುವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಮದಲ್ಲಿ, ಮರದ ಒಡೆತನವು ಕೈಬದಲಾದಂತೆಲ್ಲ ಆಯಾ ವ್ಯಾಪಾರಿಗೆ ಪ್ರತ್ಯೇಕ ಪ್ರಮಾಣಪತ್ರವಿರಬೇಕು. ನಡುವೆ ಒಬ್ಬನಲ್ಲಿ ಅದಿಲ್ಲವಾದರೆ ಮುಂದಿನವನು ಆ ಸರಕನ್ನು ಪ್ರಮಾಣಿತವೆಂದು ಮಾರುವಂತಿಲ್ಲ. ಭಾರತ ಸರ್ಕಾರವೂ 2023ರ ಡಿಸೆಂಬರಿನಲ್ಲಿ ಅರಣ್ಯ ಮತ್ತು ಕಾಷ್ಠಗಳ ಪ್ರಮಾಣೀಕರಣಕ್ಕೆ ತನ್ನದೇ ಯೋಜನೆಯೊಂದನ್ನು ಪ್ರಾರಂಭಿಸಿತು. ಅದು ಐಚ್ಛಿಕವಾದುದು, ಗಿರಾಕಿಯು ಕೇಳದಿದ್ದರೆ ಚಿಲ್ಲರೆ ಅಂಗಡಿಯವನು ಪತ್ರವನ್ನು ತರಿಸುವ ಕಾರಣವೇ ಇಲ್ಲ.

ಆದುದರಿಂದ ಚೌಕಟ್ಟನ್ನು ಕೊಳ್ಳುವವರು ಮರದ ಜಾತಿ, ಬಂದ ದೇಶ, ಪ್ರಮಾಣಪತ್ರದ ಸಂಖ್ಯೆ ಇವನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಬಾಯಲ್ಲಿ ‘ಬರ್ಮಾ’ ಎಂದವನು ಕಾಗದದ ಮೇಲೂ ಹಾಗೆಯೇ ಬರೆದುಕೊಡುವನೇ ಎಂಬುದನ್ನು ಮೊದಲು ನೋಡಬೇಕು.