ಜನಸಂಘಟನೆಯ ಮೊದಲ ಹೆಜ್ಜೆ

ಸಾರ್ವಜನಿಕ ಹಿತದ ಕಾರ್ಯವೊಂದನ್ನು ಕೈಕೊಳ್ಳಬೇಕೆಂದಾಗ, ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಸಂಘದ ಹೆಸರು, ನಿಬಂಧನೆ, ಅಧ್ಯಕ್ಷ, ಕಾರ್ಯದರ್ಶಿ ಇವುಗಳಿಂದ ಆರಂಭಿಸುತ್ತೇವೆ. ಇವು ಬೇಡವೆಂದಲ್ಲ. ಆದರೆ ಇವೆಲ್ಲವೂ ಇದ್ದು ಜನರೇ ಇಲ್ಲದ ಸಂಘಗಳುಂಟು. ಹಾಗಾದರೆ ಜನ ಒಟ್ಟುಗೂಡುವುದು ಯಾವುದರಿಂದ? ಉತ್ತರ ಕನ್ನಡ ಜಿಲ್ಲೆಯ ಅಪ್ಪಿಕೋ ಚಳವಳಿಯನ್ನು ಇದಕ್ಕೆ ನಿದರ್ಶನವಾಗಿ ನೋಡೋಣ.

ಶಿರಸಿಯ ಸೀಮೆಯಲ್ಲಿ ಅಡಕೆಯ ತೋಟಕ್ಕೂ ಕಾಡಿಗೂ ಬಿಡದ ನಂಟು. ತೋಟದ ಗೊಬ್ಬರಕ್ಕೆ ಸೊಪ್ಪು ಬೆಟ್ಟದಿಂದ ಬರಬೇಕು. ಹಳ್ಳದ ನೀರು ಕಾಡಿನಿಂದ ಇಳಿಯಬೇಕು. ಸಹಜವಾದ ಅರಣ್ಯವನ್ನು ಕಡಿದು ತೇಗದ ನೆಡುತೋಪುಗಳನ್ನು ಮಾಡುತ್ತ ಬಂದಾಗ, ಅದರ ನಷ್ಟವನ್ನು ಅರಿಯಲು ಅಲ್ಲಿಯ ಜನರಿಗೆ ಉಪನ್ಯಾಸ ಬೇಕಾಗಲಿಲ್ಲ. ಒಲೆಯ ಸೌದೆಯಲ್ಲಿ, ಕೊಟ್ಟಿಗೆಯ ಸೊಪ್ಪಿನಲ್ಲಿ ಅದು ತಾನಾಗಿಯೇ ತಿಳಿಯಿತು. ಸಂಘಟನೆಯ ಬೀಜವಿರುವುದು ಇಲ್ಲಿಯೇ. ಜನರು ದಿನದಿನವೂ ಅನುಭವಿಸುವ, ತಮ್ಮ ಮಾತಿನಲ್ಲಿ ತಾವೇ ಹೇಳಬಲ್ಲ ಕಷ್ಟವೇ ಅವರನ್ನು ಕೂಡಿಸುತ್ತದೆ.

ಎರಡನೆಯದಾಗಿ, ಅವರು ಹೊಸ ಕಟ್ಟಡವನ್ನು ಬುನಾದಿಯಿಂದ ಎಬ್ಬಿಸಲಿಲ್ಲ. ಊರುಗಳಲ್ಲಿ ಯುವಕ ಮಂಡಲಿಗಳು ಮೊದಲೇ ಇದ್ದುವು. ಪರಸ್ಪರ ನಂಬಿಕೆಯೂ ಇತ್ತು. ಹಿಮಾಲಯದ ಚಮೋಲಿ ಜಿಲ್ಲೆಯ ರೇಣಿ ಗ್ರಾಮದಲ್ಲಿ 1974ರಲ್ಲಿ ಗೌರಾದೇವಿಯೂ ಸಂಗಡದ ಸ್ತ್ರೀಯರೂ ಮರಗಳನ್ನು ಕಾಯ್ದ ವೃತ್ತಾಂತವನ್ನು ಸುಂದರಲಾಲ ಬಹುಗುಣರು ಈ ಸೀಮೆಗೆ ಬಂದು ತಿಳಿಸಿದರು. ಪಾಂಡುರಂಗ ಹೆಗಡೆಯವರಂತಹ ಕಾರ್ಯಕರ್ತರು ಊರೂರು ಅಲೆದರು. ಹೊರಗಿನಿಂದ ಬಂದದ್ದು ಒಂದು ಕಿಡಿ. ಸೌದೆ ಊರಿನದೇ ಆಗಿತ್ತು.

ಮೂರನೆಯದು ಕಾರ್ಯದ ಸ್ವರೂಪ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಿನ ಸುಮಾರು 160 ಮಂದಿ ಕಳಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಇದಕ್ಕೆ ಹಣ ಬೇಕಿರಲಿಲ್ಲ, ವಿದ್ಯೆ ಬೇಕಿರಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರಿಗೂ ಸಾಧ್ಯವಾದ ಕೆಲಸವದು. ಕೆಲವರು ಮಾಡಿ ಉಳಿದವರು ನೋಡುವ ಕಾರ್ಯದಿಂದ ಪ್ರೇಕ್ಷಕರು ಹೆಚ್ಚುವರೇ ಹೊರತು ಸಂಘಟನೆ ಬೆಳೆಯದು. ಸತ್ಯಾಗ್ರಹ 38 ದಿನ ನಡೆಯಿತು. ಸರ್ಕಾರ ಮರ ಕಡಿಯುವುದನ್ನು ನಿಲ್ಲಿಸಿತು.

ಗೆದ್ದ ಮೇಲೆ ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ವ್ರತವಾಗಿ ಹಿಡಿದರು. ಇದ್ದ ಕಾಡನ್ನು ಉಳಿಸುವುದು, ಬೋಳಾದ ನೆಲದಲ್ಲಿ ಸಸಿ ಬೆಳೆಸುವುದು, ಇರುವುದನ್ನು ಮಿತವಾಗಿ ಬಳಸುವುದು. ಬೇಡವೆನ್ನುವುದರ ಜೊತೆಗೆ ಬೇಕಾದುದನ್ನೂ ಹೇಳಿದ್ದರಿಂದ ಚಳವಳಿಗೆ ನಾಳೆಯ ಕೆಲಸ ದೊರೆಯಿತು.

ನಗರವಾಸಿಗಳಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. 1992ರಲ್ಲಿ ಅಂಗೀಕೃತವಾದ ಸಂವಿಧಾನದ 74ನೆಯ ತಿದ್ದುಪಡಿಯು, 3 ಲಕ್ಷ ಅಥವಾ ಅದಕ್ಕೆ ಮಿಕ್ಕ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿದೆ. ಆದರೆ ಕಾನೂನು ಕುರ್ಚಿಯನ್ನು ಹಾಕಬಲ್ಲುದು. ಜನರನ್ನು ತಂದು ಕೂಡಿಸಲಾರದು. ಅದು ನಮ್ಮ ಕೆಲಸ. ಬೀದಿಯ ಹತ್ತು ಮನೆಗಳಿಗೆ ಹೋಗಿ, ನಮ್ಮ ಅಭಿಪ್ರಾಯವನ್ನು ಹೇಳುವುದಕ್ಕೆ ಮುಂಚೆ ಅವರ ಕಷ್ಟವನ್ನು ಕೇಳೋಣ. ಮನೆಯೊಡತಿಯನ್ನೂ, ಮನೆಗೆಲಸದವಳನ್ನೂ, ಕಸ ಗುಡಿಸುವವರನ್ನೂ ಕೇಳೋಣ. ಹಲವರ ಬಾಯಲ್ಲಿ ಬಂದ ಒಂದೇ ಕಷ್ಟವನ್ನು, ಅದು ನಲ್ಲಿಯ ನೀರಾಗಲಿ ಚರಂಡಿಯಾಗಲಿ, ಆರಿಸಿಕೊಳ್ಳೋಣ. ಒಂದು ತಿಂಗಳಲ್ಲಿ ಮುಗಿಯುವಷ್ಟು ಕೆಲಸವನ್ನು ಗೊತ್ತುಮಾಡಿ, ಪ್ರತಿಯೊಬ್ಬರಿಗೂ ಒಂದು ಪಾಲು ಕೊಡೋಣ. ಸಭೆಯಲ್ಲಿ ಹೆಚ್ಚು ಮಾತನಾಡಬಲ್ಲವರು ಸ್ವಲ್ಪ ಸುಮ್ಮನಿದ್ದರೆ, ಎಂದೂ ಮಾತನಾಡದವರು ಬಾಯಿ ತೆರೆಯುವರು.

ಜನರಿಗಾಗಿ ನಾವು ಮಾಡಿದ ಉಪಕಾರ ನಮ್ಮ ಉತ್ಸಾಹವಿರುವ ತನಕ ಬಾಳುತ್ತದೆ. ಜನರು ಕೂಡಿ ತಾವೇ ಮಾಡಿಕೊಂಡ ಕೆಲಸ ನಾವಿಲ್ಲದಾಗಲೂ ನಡೆಯುತ್ತದೆ. ನಿಬಂಧನೆಗಳನ್ನು ಆಮೇಲೆ ಬರೆಯಬಹುದು. ನೆರೆಮನೆಯ ಬಾಗಿಲನ್ನು ಮೊದಲು ತಟ್ಟಬೇಕು.