ಮೋಟಾರಿನ ಬಿಳಿಯ ದೀಪ

ಕಬ್ಬು ಸಾಗಿಸುವ ದಿನಗಳಲ್ಲಿ ಮೂಡಲಗಿಯಿಂದ ಗೋಕಾಕಕ್ಕೆ ರಾತ್ರಿಯಲ್ಲಿ ಬಂದವರಿಗೆ ಆ ದಾರಿಯ ಪಾಡು ಗೊತ್ತಿರುವುದು. ಕಳೆದ ವರ್ಷ ನಾವು ಹಾಗೆಯೇ ಬರುತ್ತಿರಲು, ನೀಲಿ ಬೆರೆತ ಬಿಳಿಯ ಬೆಳಕೊಂದು ಎದುರಿನಿಂದ ಬಂದು ಕಣ್ಣಿಗೆ ಹೊಡೆಯಿತು. ಮುಂದೆ ಸಾಗುತ್ತಿದ್ದ ಕಬ್ಬಿನ ಚಕ್ಕಡಿಯು ಕಾಣದೆಯೇ ಹೋಯಿತು. ಕಿಟಕಿ ತೆರೆದಿದ್ದುದು ಪುಣ್ಯ. ಎತ್ತಿನ ಗೆಜ್ಜೆಯ ಸಪ್ಪಳ ಕೇಳಿ ಅಣ್ಣನವರು ಗಾಡಿಯನ್ನು ನಿಲ್ಲಿಸಿದರು. ಚಕ್ಕಡಿಗೂ ನಮಗೂ ನಡುವೆ ಉಳಿದುದು ಎರಡು ಮೊಳ.

ಮನೆಗೆ ಬಂದ ಮೇಲೆ ಅಣ್ಣನ ಮಗನು, "ಕಾಕಾ, ಕಾರಿನಲ್ಲಿರುವುದು 12 ವೋಲ್ಟಿನ ಬ್ಯಾಟರಿಯೊಂದೇ. ಅಂಥ ಬೆಳಕಿಗೆ ಬಲವೆಲ್ಲಿಂದ ಬರುತ್ತದೆ?" ಎಂದು ಕೇಳಿದನು. ಪ್ರಶ್ನೆಯು ಯೋಗ್ಯವಾದುದೇ.

ಹಳೆಯ ಹಳದಿ ದೀಪದಲ್ಲಿ ಒಂದು ಸಣ್ಣ ತಂತಿಯಿದ್ದು, ಬ್ಯಾಟರಿಯ ಪ್ರವಾಹದಿಂದ ಕಾಯ್ದು ಬೆಳಗುತ್ತದೆ. 1991ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರುಗಳಲ್ಲಿ ಮೊದಲು ಬಂದ ಈ ಬಿಳಿಯ ದೀಪದಲ್ಲಾದರೋ ತಂತಿಯೇ ಇಲ್ಲ. ಕಡಲೆಕಾಳಿನಷ್ಟು ಚಿಕ್ಕದಾದ ಸ್ಫಟಿಕದ ಗೂಡಿನಲ್ಲಿ ಕ್ಸೆನಾನ್ ಎಂಬ ಅನಿಲವನ್ನೂ ಕೆಲವು ಲೋಹಗಳ ಲವಣಗಳನ್ನೂ ತುಂಬಿರುತ್ತಾರೆ. ಎರಡು ಕಡ್ಡಿಗಳ ಮೊನೆಗಳು ಸುಮಾರು 4 ಮಿಲಿಮೀಟರ್ ದೂರದಲ್ಲಿ ಎದುರುಬದುರಾಗಿ ನಿಂತಿರುತ್ತವೆ. ಆ ತೆರಪನ್ನು ವಿದ್ಯುತ್ತು ಹಾರಿದರೆ ಮಾತ್ರ ಬೆಳಕು. ಆದರೆ ಅನಿಲವು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ.

ಇಲ್ಲಿ ನಮ್ಮ ಘಟಪ್ರಭೆಯನ್ನೇ ನೆನೆಯಬಹುದು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನ ಅಣೆಕಟ್ಟಿನಲ್ಲಿ ನೀರು ಬೇಕಾದಷ್ಟು ನಿಂತಿರುತ್ತದೆ. ಅದೇ ನೀರು ಗೋಕಾಕದ ಧಬಧಬೆಯಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕಿದಾಗ ಅದರ ರಭಸವೇ ಬೇರೆ. ಆ ರಭಸದಿಂದ 1887ರಷ್ಟು ಹಿಂದೆಯೇ ಗಿರಣಿಯ ಯಂತ್ರಗಳನ್ನು ತಿರುಗಿಸಿದರು. ವೋಲ್ಟೆಂದರೆ ಈ ಎತ್ತರದಂತೆ. ಬ್ಯಾಟರಿಯಲ್ಲಿ ನೀರುಂಟು, ಎತ್ತರವಿಲ್ಲ.

ಆ ಎತ್ತರವನ್ನು ಒದಗಿಸುವುದು ದೀಪದ ಬಳಿಯಲ್ಲಿರುವ ಬ್ಯಾಲಸ್ಟ್ ಎಂಬ ಪೆಟ್ಟಿಗೆ. ಗುಂಡಿಯೊತ್ತಿದೊಡನೆ ಅದು ತನ್ನ ಕಿಡಿಯಂತ್ರದ ಮೂಲಕ 20,000 ವೋಲ್ಟಿಗೂ ಮೀರಿದ ಒಂದು ಪೆಟ್ಟನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಕೊಡುತ್ತದೆ. ಕಿಡಿ ಹಾರಿ ಅನಿಲದಲ್ಲಿ ದಾರಿಯಾಗುತ್ತದೆ. ಮೊದಲ ಕೆಲವು ಸೆಕೆಂಡುಗಳಲ್ಲಿ ದೀಪವು ಕಾಯ್ದು, ಲವಣಗಳು ಆವಿಯಾಗಿ ಬೆಳಕು ತುಂಬುವ ತನಕ, ಹೆಚ್ಚಿನ ಪ್ರವಾಹವನ್ನು ಹರಿಸುತ್ತದೆ. ದೀಪವು ನೆಲೆಗೊಂಡ ಮೇಲೆ, ಜಾತಿಗೆ ತಕ್ಕಂತೆ, 85 ವೋಲ್ಟು ಇಲ್ಲವೆ 42 ವೋಲ್ಟು ಸಾಕು. ಬ್ಯಾಟರಿಯ ಏಕಮುಖ ಪ್ರವಾಹವನ್ನು ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುವ ಪ್ರವಾಹವಾಗಿ ಮಾಡುವುದೂ ಅದೇ ಪೆಟ್ಟಿಗೆ. ಹಾಗಾಗಿ ಎರಡು ಕಡ್ಡಿಗಳೂ ಸಮನಾಗಿ ಸವೆಯುತ್ತವೆ.

ಇಷ್ಟಕ್ಕೇ ಅದರ ಕೆಲಸ ಮುಗಿಯಲಿಲ್ಲ. ಒಮ್ಮೆ ದಾರಿ ಸಿಕ್ಕ ಪ್ರವಾಹವು, ಇಳಿಜಾರಿನಲ್ಲಿ ಬಿಟ್ಟ ಚಕ್ಕಡಿಯಂತೆ, ಹೆಚ್ಚುತ್ತಲೇ ಹೋಗಿ ದೀಪವನ್ನು ಸುಡಬಲ್ಲದು. ಅದನ್ನು ಹಿಡಿದು ನಿಲ್ಲಿಸುವುದೂ ಬ್ಯಾಲಸ್ಟೇ. ಕಡೆಗೆ ಈ ದೀಪವು 35 ವ್ಯಾಟಿನಲ್ಲಿಯೇ, 55 ವ್ಯಾಟಿನ ಹಳದಿ ದೀಪಕ್ಕಿಂತ ಸುಮಾರು ಎರಡು ಪಟ್ಟು ಬೆಳಕು ಕೊಡುವುದು. ಬೆಳಕೇನು ಪುಕ್ಕಟೆ ಬಂದುದಲ್ಲ. ಇಂಜಿನ್ನು ತಿರುಗಿಸುವ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬುತ್ತಿರುವುದು, ಅದಕ್ಕೆ ಎಣ್ಣೆ ಸುಡುತ್ತಿರುವುದು.

ಹಾಗಾದರೆ ನಮ್ಮನ್ನು ಕುರುಡಾಗಿಸಿದುದು ಯಾವುದು? ಕಾರಖಾನೆಯಿಂದಲೇ ಈ ದೀಪದೊಡನೆ ಬರುವ ಕಾರಿನಲ್ಲಿ ಕನ್ನಡಿಯೂ ಮಸೂರವೂ ಅದಕ್ಕೆಂದೇ ರಚಿತವಾಗಿರುತ್ತವೆ. ಯುರೋಪಿನ ನಿಯಮದಂತೆ 2000 ಲ್ಯೂಮೆನ್ ಮೀರಿದ ಇಂಥ ದೀಪಕ್ಕೆ, ಗಾಡಿ ಬಾಗಿದರೂ ಬೆಳಕನ್ನು ಕೆಳಗೇ ಇರಿಸುವ ಸಾಧನವೂ ಗಾಜನ್ನು ತೊಳೆಯುವ ಸಾಧನವೂ ಇರಬೇಕು. ಪೇಟೆಯಲ್ಲಿ ಸಿಕ್ಕ ದೀಪವನ್ನು ತಂದು ಹಳೆಯ ಹಳದಿ ದೀಪದ ಗೂಡಿನಲ್ಲಿ ಸಿಕ್ಕಿಸಿದರೆ, ತಂತಿಯಿದ್ದ ಕಡೆ ಕಿಡಿಯು ಬೇರೆ ಆಕಾರದಲ್ಲಿ ನಿಂತು ಬೆಳಕು ಮೇಲಕ್ಕೆ ಚೆಲ್ಲುತ್ತದೆ. 2024ರ ಜುಲೈಯಲ್ಲಿ ಕರ್ನಾಟಕದ ಪೋಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ಮೊಕದ್ದಮೆ ಹೂಡತೊಡಗಿದುದೂ ಇಂಥ ಕಾರಣದಿಂದಲೇ. ಈಚಿನ ಕಾರುಗಳಲ್ಲಿ ಎಲ್.ಇ.ಡಿ. ದೀಪಗಳು ಬಂದಿವೆ; ಅವನ್ನು ಹಳೆಯ ಗೂಡಿಗೆ ತುರುಕುವವರಿಗೂ ಇದೇ ಮಾತು ಸಲ್ಲುವುದು.

ಇನ್ನೊಂದು ಮಾತು ಮನೆಯವರಿಗಾಗಿ: ದೀಪವು ಹತ್ತದಿದ್ದರೆ ಬಾನೆಟ್ಟು ತೆರೆದು ಆ ತಂತಿಗಳನ್ನು ಮಕ್ಕಳು ಮುಟ್ಟಕೂಡದು, ದೊಡ್ಡವರೂ ಕೂಡದು. ಆರಿಸಿದ ಮೇಲೆಯೂ ಪೆಟ್ಟಿಗೆಯಲ್ಲಿ ಕೊಂಚ ಹೊತ್ತು ವಿದ್ಯುತ್ತು ಉಳಿದಿರಬಹುದು.

ಹುಕ್ಕೇರಿಯ ನಮ್ಮ ಭಾವನವರೂ ತಮ್ಮ ಹಳೆಯ ಕಾರಿಗೆ ಅಂಥದೇ ಜೋಡಿ ಹಾಕಿಸಿದ್ದರು. ಚಕ್ಕಡಿಯ ಸಂಗತಿಯನ್ನು ಕೇಳಿ ಏನೂ ಆಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಅವರು ನಮ್ಮ ಮನೆಗೆ ಬಂದಾಗ ಅಂಗಳದಲ್ಲಿ ಬಿದ್ದ ಬೆಳಕು ಹಳದಿಯಾಗಿತ್ತು.